ಹೊಸ ಪಿಸಿಗೆ ತಂದ ರ್‍ಯಾಮ್ ಬೋರ್ಡಿನ ಪಟ್ಟಿಯಲ್ಲಿಲ್ಲ. ಇಟ್ಟುಕೊಳ್ಳಲಾ, ವಾಪಸ್ ಕೊಡಲಾ?

ನಿಮ್ಮ ಹತ್ತಿರ ಇರುವುದು ಎಎಂಡಿಯ ರೈಜನ್ 5 7600 ಪ್ರೊಸೆಸರ್, ಬಿ650 ಮದರ್‌ಬೋರ್ಡು, 16 ಜಿಬಿಯ ಎರಡು ಡಿಡಿಆರ್5-6000 ಸ್ಟಿಕ್. ಡಬ್ಬಿ ಮೇಲೆ ಎಕ್ಸ್‌ಎಂಪಿ (ಡಬ್ಬಿ ಮೇಲೆ ಬರೆದ ವೇಗಕ್ಕೆ ರ್‍ಯಾಮ್ ಏರಿಸುವ ಸೆಟ್ಟಿಂಗ್) ಅಂತಿದೆ, ಬೋರ್ಡಿನ ಕ್ಯೂವಿಎಲ್, ಅಂದರೆ ಹೊಂದುವ ರ್‍ಯಾಮ್‌ಗಳ ಪಟ್ಟಿಯಲ್ಲಿ ಹೆಸರಿಲ್ಲ. ಅಂಗಡಿಯವರು "ಏನೂ ಆಗಲ್ಲ ಸಾರ್" ಅಂದಿದ್ದಾರೆ. ವಾಪಸ್ ಕೊಡಲು ಐದು ದಿನ ಉಳಿದಿದೆ. ಹೀಗೆ ಅಲ್ವಾ?

ಪಟ್ಟಿಯಲ್ಲಿಲ್ಲ ಅನ್ನುವ ಒಂದೇ ಕಾರಣಕ್ಕೆ ವಾಪಸ್ ಕೊಡಬೇಡಿ. ಬೋರ್ಡ್ ಕಂಪನಿ ತಾನು ಹಾಕಿ ನೋಡಿದ ಕಿಟ್‌ಗಳನ್ನಷ್ಟೇ (ಒಂದೇ ಡಬ್ಬಿಯಲ್ಲಿ ಬರುವ ಸ್ಟಿಕ್‌ಗಳ ಜೋಡಿ) ಅಲ್ಲಿ ಬರೆಯುತ್ತದೆ. ಮಾರ್ಕೆಟ್ಟಿನಲ್ಲಿರುವ ಎಲ್ಲವನ್ನೂ ತರಿಸಿ ನೋಡಲು ಅವರಿಗೂ ಆಗುವುದಿಲ್ಲ. ರ್‍ಯಾಮ್ ಕಂಪನಿಯ ಸೈಟಿನಲ್ಲೂ ಒಮ್ಮೆ ಹುಡುಕಿ, ನಿಮ್ಮ ಬೋರ್ಡು ಅಲ್ಲಿ ಇರಬಹುದು. ಪಾರ್ಟ್ ನಂಬರ್ ಪೂರ್ತಿ ಹೊಂದಬೇಕು, ಕೊನೆಯ ಒಂದಕ್ಷರ ಬೇರೆಯಾದರೂ ಅದು ಬೇರೆ ಕಿಟ್. ಇನ್ನು ಎಕ್ಸ್‌ಎಂಪಿ ಇಂಟೆಲ್‌ನವರದು, ಎಎಂಡಿಯದು ಎಕ್ಸ್‌ಪೋ. ಎಎಂಡಿ ಬೋರ್ಡುಗಳು ಸಾಮಾನ್ಯವಾಗಿ ಎಕ್ಸ್‌ಎಂಪಿಯನ್ನೂ ಓದುತ್ತವೆ. ನನ್ನ ಪಿಸಿಯಲ್ಲಿರುವುದೂ ಅಂಥದ್ದೇ, ಪಟ್ಟಿಯಲ್ಲಿಲ್ಲದ ಕಿಟ್. ಆರಾಮಾಗಿ ಓಡುತ್ತಿದೆ. ಹಾಗಂತ ನಿಮ್ಮದೂ ಓಡುತ್ತದೆ ಅಂತ ನಾನು ಗ್ಯಾರಂಟಿ ಕೊಡುವ ಹಾಗಿಲ್ಲ. ನಿಮ್ಮ ಪ್ರೊಸೆಸರ್‌ಗೆ ಎರಡು ಸ್ಟಿಕ್ ಹಾಕಿದಾಗ ಎಎಂಡಿ ಒಪ್ಪಿಕೊಂಡಿರುವ ವೇಗ 5200 ಮಾತ್ರ. 6000 ಅನ್ನುವುದು ಓವರ್‌ಕ್ಲಾಕ್, ಅಂದರೆ ಒಪ್ಪಿಕೊಂಡಿದ್ದಕ್ಕಿಂತ ಹೆಚ್ಚು ವೇಗದಲ್ಲಿ ಓಡಿಸುವುದು.

ಹಾಗಾಗಿ ಇವತ್ತೇ ಪರೀಕ್ಷೆ ಮಾಡಿ, ವಿಂಡೋಸ್ ಹಾಕುವುದಕ್ಕೂ ಮುಂಚೆ. ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೇ ಮತ್ತು ನಾಲ್ಕನೇ ಸ್ಲಾಟಿಗೆ ಹಾಕಿ. ಮೊದಲ ಸಲ ಆನ್ ಮಾಡಿದಾಗ ಪರದೆ ಕಪ್ಪಗೇ ಇದ್ದು, ಬೋರ್ಡಿನ ಮೇಲೆ ಡಿರ್‍ಯಾಮ್ ಅಂತ ಬರೆದ ಪುಟ್ಟ ದೀಪ ಉರಿಯುತ್ತಾ ಇರುತ್ತದೆ. ಗಾಬರಿಯಾಗಿ ಸ್ವಿಚ್ ಆರಿಸಬೇಡಿ. ಅದು ಮೆಮೊರಿ ಟ್ರೇನಿಂಗ್, ಅಂದರೆ ಬೋರ್ಡು ಹೊಸ ರ್‍ಯಾಮ್‌ಗೆ ಹೊಂದಿಕೊಳ್ಳುವ ಕೆಲಸ, ಕೆಲವು ನಿಮಿಷ ಹಿಡಿಯುತ್ತದೆ. ಆಮೇಲೆ ಬಯಾಸ್ (ಬೋರ್ಡಿನೊಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿ, ಅದರಲ್ಲೇ ಎಕ್ಸ್‌ಎಂಪಿ ಆನ್ ಮಾಡಿ, ಪೆನ್‌ಡ್ರೈವಿನಿಂದ ರ್‍ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಹಚ್ಚಿ ಮಲಗಿಬಿಡಿ. ಉಚಿತ ಆವೃತ್ತಿಯಲ್ಲಿ ನಾಲ್ಕು ಸುತ್ತು ಓಡುತ್ತದೆ.

ಬೆಳಿಗ್ಗೆ ಸೊನ್ನೆ ಎರರ್ ಇದ್ದರೆ ಇಟ್ಟುಕೊಳ್ಳಿ. ಒಂದೇ ಒಂದು ಬಂದಿದ್ದರೂ "ಒಂದೇ ಅಲ್ವಾ" ಅನ್ನಬೇಡಿ. ನೀಲಿ ಪರದೆ ಬಂದರೆ ಗೊತ್ತಾದರೂ ಆಗುತ್ತದೆ. ಸುಮ್ನೆ ಒಳಗೊಳಗೇ ಫೋಟೊ, ಜಿಪ್ ಫೈಲು ಕೆಡುತ್ತಾ ಹೋದರೆ ತಿಂಗಳುಗಟ್ಟಲೆ ಗೊತ್ತೇ ಆಗುವುದಿಲ್ಲ. ಎಕ್ಸ್‌ಎಂಪಿ ಆಫ್ ಮಾಡಿ ಇನ್ನೊಮ್ಮೆ ಓಡಿಸಿ. ಆಗಲೂ ಎರರ್ ಬಂದರೆ ಹೆಚ್ಚಾಗಿ ಸ್ಟಿಕ್ಕೇ ಕೆಟ್ಟಿರುತ್ತದೆ. ಆಗ ಬರದಿದ್ದರೆ 6000 ವೇಗ ಇದಕ್ಕೆ ಕೂಡಿಬರುತ್ತಿಲ್ಲ. ವೇಗ ಇಳಿಸಿ ಓಡಿಸಬಹುದು ನಿಜ, ಆದರೆ ನೀವು ದುಡ್ಡು ಕೊಟ್ಟಿದ್ದು 6000ಕ್ಕೆ. ನಾನಾದರೆ ಎರಡೂ ಸಂದರ್ಭದಲ್ಲಿ ವಾಪಸ್ ಕೊಟ್ಟು, ಪಟ್ಟಿಯಲ್ಲಿರುವ ಎಕ್ಸ್‌ಪೋ ಕಿಟ್ ತರುತ್ತೇನೆ. 64 ಜಿಬಿ ಮುಂದೆ ಬೇಕಾಗುತ್ತದೆ ಅನಿಸಿದರೆ ಈಗಲೇ 32ರ ಎರಡು ತನ್ನಿ. ನಾಲ್ಕು ಸ್ಟಿಕ್ ತುಂಬಿದರೆ ಎಎಂಡಿ ಹೇಳುವ ವೇಗ 3600ಕ್ಕೆ ಇಳಿಯುತ್ತದೆ.

ಎರರ್ ತೋರಿಸಿದ ಪರದೆಯ ಫೋಟೊ ತೆಗೆದಿಟ್ಟುಕೊಳ್ಳಿ. ಅಂಗಡಿಯವರು ಬೇರೆ ಬೋರ್ಡಿಗೆ ಹಾಕಿ, ವಿಂಡೋಸ್ ಬಂದ ತಕ್ಷಣ "ನೋಡಿ, ಸರಿಯಾಗೇ ಇದೆ" ಅನ್ನುತ್ತಾರೆ. ಆಗ ಬೇಕಾಗುತ್ತದೆ.