ಫುಟ್‌ಬಾಲ್ ವಿಶ್ವಕಪ್ ಅರ್ಜೆಂಟೀನಾ ಗೆದ್ದರೆ ಗೋವಾದ ವಾಸ್ಕೋ ಊರಿನ ನಮ್ಮ ಕನ್ನಡದ ಹುಡುಗರು ಯಾಕೆ ಅಳಬೇಕು?

ಕಪ್ ಸಿಕ್ಕ ಖುಷಿಗಿಂತ ಜಾಸ್ತಿ, ಇಷ್ಟು ವರ್ಷ ಕಟ್ಟಿಟ್ಟುಕೊಂಡ ಸೋಲಿನ ಭಯ ಒಮ್ಮೆಲೇ ಇಳಿಯುತ್ತದಲ್ಲ, ಅದಕ್ಕೆ. ಒಂದು ತಂಡವನ್ನು ಬಹಳ ಕಾಲ ನಂಬಿಕೊಂಡವರಿಗೆ ಅದು ದೂರದ ದೇಶದ ತಂಡ ಅಂತ ಅನಿಸುವುದೇ ಇಲ್ಲ. ಅದು ಸೋತರೆ ತಾವೇ ಸೋತಂತೆ.

ಲೆಕ್ಕ ನೋಡಿ. 1986ರ ನಂತರ ಅರ್ಜೆಂಟೀನಾ ವಿಶ್ವಕಪ್ ಗೆದ್ದಿದ್ದು 2022ರಲ್ಲಿ. ನಡುವೆ 1990ರಲ್ಲಿ ಪಶ್ಚಿಮ ಜರ್ಮನಿ, 2014ರಲ್ಲಿ ಜರ್ಮನಿ, ಎರಡೂ ಫೈನಲ್‌ನಲ್ಲಿ ಒಂದೇ ಗೋಲಿನ ಸೋಲು. ಇಂಥ ಪೆಟ್ಟು ತಿಂದ ಮನಸ್ಸು ಮುಂದಿನ ಸಲ ಸೋಲಿಗೆ ಮೊದಲೇ ತಯಾರಾಗಿ ಕೂತಿರುತ್ತದೆ. 2022ರ ಕತಾರ್‌ನ ಫೈನಲ್‌ನಲ್ಲೂ 2-0 ಮುಂದಿದ್ದಾಗ ಎದುರಾಳಿ ಫ್ರಾನ್ಸ್‌ನ ಎಂಬಾಪೆ ಎರಡು ನಿಮಿಷದಲ್ಲಿ ಎರಡು ಗೋಲು ಹೊಡೆದ, ಅಲ್ವಾ? ಹೆಚ್ಚುವರಿ ಸಮಯದ ಕೊನೆಗೆ 3-3. ಮತ್ತೆ ಅದೇ ಕಥೆ ಅಂದುಕೊಂಡು ಮೈ ಬಿಗಿಹಿಡಿದು ಕೂತವರಿಗೆ ಪೆನಾಲ್ಟಿಯಲ್ಲಿ 4-2 ಗೆಲುವು ಸಿಕ್ಕಾಗ ಆ ಬಿಗಿಯೆಲ್ಲ ಒಂದೇ ಏಟಿಗೆ ಸಡಿಲವಾಗುತ್ತದೆ, ಆಗ ನಗುವೂ ಅಳುವೂ ಒಟ್ಟಿಗೇ ಬರುತ್ತವೆ. ಪ್ರತಿ ವರ್ಷ ಗೆಲ್ಲುವ ತಂಡದವರಿಗೆ ಇದು ಆಗುವುದು ಕಷ್ಟ, ಅವರು ಸುಮ್ನೆ ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತಾರೆ.

ಸೋಲನ್ನು ಒಟ್ಟಿಗೆ ನುಂಗಿದವರ ನಡುವೆ ನಂಟೂ ಬೆಳೆಯುತ್ತದೆ, ಗುರುತಿಲ್ಲದವರನ್ನು ತಬ್ಬಿಕೊಳ್ಳುವುದು ಅದಕ್ಕೇ. ಗೋವಾದವರಿಗೆ ಇದನ್ನು ಜಾಸ್ತಿ ಬಿಡಿಸಿ ಹೇಳಬೇಕಿಲ್ಲ. 2015ರ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲ್‌ನಲ್ಲಿ ಎಫ್‌ಸಿ ಗೋವಾ ಮಡಗಾಂವ್‌ನ ಫತೋರ್ಡಾದಲ್ಲೇ 2-1 ಮುಂದಿದ್ದು, ಕೊನೆಯ ನಿಮಿಷಗಳಲ್ಲಿ ಚೆನ್ನೈಗೆ 3-2ರಿಂದ ಸೋತಿತ್ತು.