ಶಿವಾಜಿ ನಿಜವಾಗಿ ನಾಗಸ್ವರ ಊದಿದ್ದಾರಾ?

'ತಿಲ್ಲಾನಾ ಮೋಹನಾಂಬಾಳ್' ಎಂಬ ತಮಿಳು ಚಿತ್ರದಲ್ಲಿ ನಾಗಸ್ವರ ಊದಿದ್ದು ಶಿವಾಜಿ ಗಣೇಶನ್ ಅವರೇನಾ ಅಂತ ಕೇಳಿದ್ದೀರಿ. ಅಲ್ಲ. 1968ರ ಆ ಚಿತ್ರದಲ್ಲಿ ನಮಗೆ ಕೇಳಿಸುವುದು ಮಧುರೈನ ಎಂ.ಪಿ.ಎನ್. ಸೇತುರಾಮನ್, ಪೊನ್ನುಸ್ವಾಮಿ ಸಹೋದರರ ವಾದನ. ಸಂಗೀತ ಕೆ.ವಿ. ಮಹದೇವನ್ ಅವರದು.

ಆದರೆ ಶಿವಾಜಿ ಸುಮ್ನೆ ವಾದ್ಯ ಹಿಡಿದು ಕೂತಿಲ್ಲ. ತ್ಯಾಗರಾಜರ ಕೃತಿ 'ನಗುಮೋಮು' ಬರುವಾಗ ಅವರ ಕೆನ್ನೆ, ಕತ್ತಿನ ನರ, ಬೆರಳುಗಳನ್ನು ನೋಡಿ. ಉಸಿರು ಎಳೆದುಕೊಳ್ಳುವ ಜಾಗ ಕೂಡ ಎಷ್ಟು ಸರಿಯಾಗಿ ಕೂರುತ್ತದೆ ಅಲ್ವಾ! ಊದುವವರನ್ನು ಹತ್ತಿರದಿಂದ ಗಮನಿಸದೆ ಇದು ಬರುವುದಿಲ್ಲ. ಡೋಲು ಬಾರಿಸುವ ಪಾತ್ರದ ಟಿ.ಎಸ್. ಬಾಲಯ್ಯ ಅವರನ್ನೂ ಮರೆಯಬೇಡಿ, ನನಗಂತೂ ಅವರು ಜಾಸ್ತಿ ಇಷ್ಟ.

ನರ್ತಕಿ ಮೋಹನಾಂಬಾಳ್ ಪಾತ್ರ ಮಾಡಿದ ಪದ್ಮಿನಿ ಅವರ ವಿಷಯ ಬೇರೆ. ಚಿಕ್ಕಂದಿನಿಂದ ನೃತ್ಯ ಕಲಿತವರು, ಪರದೆ ಮೇಲಿನ ಹೆಜ್ಜೆಗಳು ಅವರವೇ.