ಬೀಗದಕೈ ಯಾರ ಹತ್ತಿರ ಇದೆ, ಮೇಷ್ಟ್ರೇ?

ಪತ್ರ: ಕಳೆದ ಸಂಚಿಕೆಯಲ್ಲಿ ಕೊಚ್ಚಿಯ ಹಳೇ ಗೋದಾಮುಗಳು ಕಲಾಪ್ರದರ್ಶನಕ್ಕೆ ತೆರೆದುಕೊಂಡ ಕಥೆ ಓದಿದೆ. ನಮ್ಮೂರ ಟೌನ್‌ಹಾಲ್‌ನಲ್ಲಿ ಒಂದು ಕಾಲಕ್ಕೆ ಕಂಪನಿ ನಾಟಕ ನಡೆಯುತ್ತಿತ್ತು. ಈಗ ಅಲ್ಲಿ ಕೆಟ್ಟ ಬೀದಿದೀಪ, ಹರಿದ ಫ್ಲೆಕ್ಸು ತುಂಬಿದೆ. ಕೆಡವಿ ಮಳಿಗೆ ಕಟ್ಟುವ ಮಾತು ನಡೆದಿದೆ. ರಿಪೇರಿ ಮಾಡಿಸಿದರೆ ಪೇಟೆಗೆ ಮತ್ತೆ ಕಳೆ ಬಂದೀತೇ? ಅಥವಾ ಅದೆಲ್ಲ ದೊಡ್ಡ ಊರಿನವರ ಶೋಕಿಯೇ?
– ನಿವೃತ್ತ ಶಿಕ್ಷಕರೊಬ್ಬರು, ತುಮಕೂರು ಜಿಲ್ಲೆ

ಸಂಪಾದಕರ ಉತ್ತರ:

ಮೇಷ್ಟ್ರೇ, ನಮಸ್ಕಾರ.

ಶೋಕಿ ಎಂಬ ನಿಮ್ಮ ಅನುಮಾನದಲ್ಲಿ ಹುರುಳಿದೆ. ನಮ್ಮೂರಲ್ಲೂ ಒಂದು ರಂಗಮಂದಿರಕ್ಕೆ ಸುಣ್ಣಬಣ್ಣ ಆಯಿತು, ಮೆತ್ತನೆ ಕುರ್ಚಿ ಬಂತು, ಟೇಪು ಕತ್ತರಿಸಿದ್ದೂ ಆಯಿತು. ಮಾರನೇ ವರ್ಷ ಶಾಲೆ ಮಕ್ಕಳ ನಾಟಕಕ್ಕೆಂದು ಕೇಳಲು ಹೋದರೆ ಬಾಡಿಗೆ, ಠೇವಣಿ, ಜನರೇಟರ್ ಡೀಸೆಲ್ಲು ಅಂತ ಒಂದು ಪಟ್ಟಿ ಕೈಗಿಟ್ಟರು. ಮಕ್ಕಳು ದೇವಸ್ಥಾನದ ಜಗಲಿ ಮೇಲೆ ಆಡಿದರು. ಚೆನ್ನಾಗಿಯೇ ಆಡಿದರು ಅನ್ನಿ.

ಕೊಚ್ಚಿಯ ಬಗ್ಗೆ ನಮ್ಮ ಲೇಖನ ಒಂದು ಮುಖ್ಯ ಸಂಗತಿಯನ್ನು ಬಿಟ್ಟಿತ್ತು. 2012ರ ಡಿಸೆಂಬರ್ 12ರಂದು ಅಲ್ಲಿನ ಮೊದಲ ಬಿನಾಲೆ (ಎರಡು ವರ್ಷಕ್ಕೊಮ್ಮೆಯ ಕಲಾಪ್ರದರ್ಶನ) ಶುರುವಾದಾಗ ಫೋರ್ಟ್ ಕೊಚ್ಚಿಯ ಆಸ್ಪಿನ್‌ವಾಲ್ ಹೌಸ್ ಥಳಥಳ ಹೊಳೆಯುತ್ತಿರಲಿಲ್ಲ. ಮೆಣಸು, ಶುಂಠಿ, ತೆಂಗಿನೆಣ್ಣೆ, ನಾರಿನ ವ್ಯಾಪಾರಕ್ಕೆಂದು 1867ರಲ್ಲಿ ಹುಟ್ಟಿದ ಕಂಪನಿಯ ಜಾಗ ಅದು. (ಮಂಗಳೂರು ಕಡೆಯವರಿಗೆ ಇದೇ ಹೆಸರು ಕಾಫಿ ಬೀಜ ಹದಮಾಡುವ ಕ್ಯೂರಿಂಗ್ ಕೆಲಸದಿಂದ ಪರಿಚಯ.) ಕಲಾವಿದರಾದ ಬೋಸ್ ಕೃಷ್ಣಮಾಚಾರಿ, ರಿಯಾಸ್ ಕೋಮು ಮತ್ತು ಜೊತೆಯವರು ಗಾರೆ ಉದುರಿದ ಗೋಡೆಗಳ ನಡುವೆಯೇ ಕಲಾಕೃತಿ ತಂದಿಟ್ಟರು. ಮೊದಲು ಜನ ಬಂದರು, ಕಟ್ಟಡದ ಬಗ್ಗೆ ಕಾಳಜಿ ಅವರ ಹಿಂದೆ ಬಂತು. ಆದರೆ 2022ರಲ್ಲಿ ಅದೇ ಬಿನಾಲೆ ಹೇಳಿದ ದಿನಕ್ಕೆ ತೆರೆಯಲಾಗದೆ ಡಿಸೆಂಬರ್ 23ಕ್ಕೆ ಹೋಯಿತು, ಜಾಗಗಳೇ ಸಿದ್ಧವಿರಲಿಲ್ಲ. ಯಾವಾಗಲೋ ಒಮ್ಮೆ ಬಾಗಿಲು ತೆಗೆಯುವ ಕಟ್ಟಡವನ್ನು ನಡುವಿನ ಮಳೆಗಾಲಗಳು ತಿಂದುಹಾಕುತ್ತವೆ. ನಿಮ್ಮೂರಿಗೆ ಬಿನಾಲೆ ಯಾಕೆ? ವಾರಕ್ಕೆ ಮೂರು ಸಂಜೆ ಟೌನ್‌ಹಾಲ್ ತೆರೆದಿದ್ದರೆ, ಎದುರಿಗೆ ಚುರುಮುರಿ ಗಾಡಿಯವನು ತಾನಾಗಿ ಬಂದು ನಿಲ್ಲುತ್ತಾನೆ.

ಮುಂಬೈಯ ಹಳೇ ರಂಗಮಂದಿರ ರಾಯಲ್ ಒಪೇರಾ ಹೌಸ್ 1993ರಲ್ಲಿ ಮುಚ್ಚಿ 2016ರಲ್ಲಿ ತೆರೆಯಿತು. ಕೆಲಸ ಅದ್ಭುತ, ಆದರೆ ಅದು ಗೊಂಡಲ್ ರಾಜಮನೆತನದ ಆಸ್ತಿ; ನಮ್ಮ ಪುರಸಭೆಗೆ ಅದರಿಂದ ಕಲಿಯುವುದು ಕಡಿಮೆ. ಹೆಗ್ಗೋಡಿನ ಕಡೆ ನೋಡಿ. 1949ರಲ್ಲಿ ಅಡಿಕೆ ತೋಟದ ನಡುವೆ ನೀನಾಸಂ ನಾಟಕ ಸಂಘ ಶುರುವಾದಾಗ ಅಲ್ಲಿ ಉಳಿಸಿಕೊಳ್ಳಬೇಕಾದ ಭವ್ಯ ಕಟ್ಟಡವೇನೂ ಇರಲಿಲ್ಲ. ಊರಿನವರಿಗೆ ನಾಟಕದ ಗೀಳಿತ್ತು, ರಂಗಮಂದಿರ ಆಮೇಲೆ ಬಂತು.

ಹಾಗಂತ ಸೋರುವ ಸೂರಿನಡಿ ಜನರನ್ನು ಕೂರಿಸಬೇಡಿ. ಮೈಸೂರಿನ ಹಳೇ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟ್‌ನಲ್ಲಿ ಕುಸಿದು ನಾಲ್ವರು ಸತ್ತರು. ನಾಲ್ಕು ವರ್ಷದ ಮೇಲೆ ಅದೇ ಊರಿನ ದೇವರಾಜ ಮಾರುಕಟ್ಟೆಯ ಒಂದು ಬದಿ ಬಿತ್ತು. ಮೊದಲು ಹಳೇ ಕಟ್ಟಡ ಬಲ್ಲ ಎಂಜಿನಿಯರ್ ಒಬ್ಬರಿಗೆ ತೋರಿಸಿ. ತಾರಸಿಯ ನೀರು ಹೋಗುವ ಕೊಳವೆಯಲ್ಲಿ ಅರಳಿ ಗಿಡ ಬೇರು ಬಿಟ್ಟಿದೆಯೇ ನೋಡಿಸಿ. ಎಷ್ಟೋ ಕಡೆ ಕೇಡು ಶುರುವಾಗುವುದು ಅಲ್ಲಿಂದಲೇ. ಮತ್ತೆ, ಸುಣ್ಣದ ಗಾರೆಯ ಗೋಡೆಗೆ ಸಿಮೆಂಟ್ ಬಳಿಯಲು ಬಿಡಲೇಬೇಡಿ. ತೇವ ಹೊರಗೆ ಹೋಗಲಾರದೆ ಉಪ್ಪು ಕಟ್ಟಿ, ಒಳಗಿನ ಇಟ್ಟಿಗೆ ಪುಡಿಯಾಗುತ್ತದೆ. ಕಂತ್ರಾಟುದಾರರು ಬಿಲ್ ಪಾಸಾಗುವವರೆಗೆ ಗೋಡೆ ನಿಂತರೆ ಸಾಕು ಅನ್ನಬಹುದು, ನೀವು ಅನ್ನಬಾರದು.

ಮಳಿಗೆ ಬೇಕೆನ್ನುವ ಸದಸ್ಯರ ಮೇಲೆ ಹರಿಹಾಯಬೇಡಿ. ಬಾಡಿಗೆ ಪುರಸಭೆಗೆ ನಿಜವಾದ ವರಮಾನ. ಆದರೆ ಹಿಂದೆ ಕಟ್ಟಿಸಿದ ಮಳಿಗೆಗಳಲ್ಲಿ ಎಷ್ಟರ ಶಟರ್ ಎಳೆದೇ ಇದೆ ಅಂತ ಒಂದು ಬೆಳಿಗ್ಗೆ ನಡೆದು ಎಣಿಸಿ, ಲೆಕ್ಕ ಹಿಡಿದು ಸಭೆಗೆ ಹೋಗಿ. ಹಾಲ್ ಎದುರಿನ ಬಯಲಿಗೆ ಕಬ್ಬಿಣದ ಗ್ರಿಲ್ ಹಾಕಿಸುವ ಪ್ರಸ್ತಾಪ ಬಂದರೆ ಅಲ್ಲೇ ತಡೆಯಿರಿ. ಸಂಜೆ ಹೊತ್ತು ಮುದುಕರು ಕೂರುವ ಕಟ್ಟೆ, ಹೆಂಗಸರಿಗೆ ಚಿಲಕ ಬೀಳುವ ಬಾಗಿಲಿನ ಶೌಚಾಲಯ, ಒಂದು ಬೆಳಗುವ ದೀಪ: ಇಷ್ಟಕ್ಕೆ ಮೊದಲು ದುಡ್ಡು ಕೇಳಿ.

ನಿಮ್ಮ ಪತ್ರದಲ್ಲಿ ಒಂದು ವಿಷಯ ಇಲ್ಲ. ಟೌನ್‌ಹಾಲ್ ಬೀಗದಕೈ ಈಗ ಯಾರ ಹತ್ತಿರ ಇದೆ? ಕೇಳಿದರೆ ಕೊಡುತ್ತಾರೆಯೇ? ತಿಳಿದುಕೊಂಡು ಬರೆಯಿರಿ, ಜೊತೆಗೆ ತಾರಸಿಯ ಒಂದು ಫೋಟೋ ಕಳಿಸಿ.

– ಸಂಪಾದಕ